ಹೊಸಿಲು ದಾಟಿದ ರಾಗಿಕಲ್ಲು

ಆಷಾಢದಲ್ಲಿ ಹೆಣ್ಣುಮಕ್ಕಳನ್ನು ತವರಿಗೆ ಕರೆದು ತರುತ್ತಾರೆ. ಯಾರೂ ಕಳಿಸಿಕೊಡುವುದಿಲ್ಲ. ಆದರೆ ಕಳೆದ ಸೋಮವಾರ ಹುಣಸೂರಿನ ನಮ್ಮ ಬೀದಿ ಮಟಮಟ ಮಧ್ಯಾಹ್ನ ಗಾಡಿ ತುಂಬ ಮಗಳಂದಿರನ್ನು ಕಳಿಸಿಕೊಟ್ಟಿತು. ಅರಿಶಿನ ಕುಂಕುಮ ಇಟ್ಟು, ಮಡಿಲು ತುಂಬಿ. ಓಲಗವಿಲ್ಲ, ಗಂಡುಗಳೂ ಇಲ್ಲ. ಗಾಡಿಯ ಹಿಂದೆ ನಾನು ಓಡಿದೆ (ಈ ಮೈ ಹೊತ್ತು ನಾನು ಓಡಿದ್ದನ್ನು ಕಂಡವರು ಇನ್ನೂ ನಗುತ್ತಿದ್ದಾರೆ). ಇರಲಿ, ಮೊದಲಿನಿಂದ ಹೇಳುತ್ತೇನೆ.

ಲಕ್ಷ್ಮಣತೀರ್ಥ ಉಕ್ಕಿದ ಸುದ್ದಿ ನಿಮಗೆ ಗೊತ್ತೇ ಇದೆ. ಕೊಡಗಿನಲ್ಲಿ ಮಳೆ ಹಿಡಿದರೆ ಇಲ್ಲಿ ನಮಗೆ ನಿದ್ದೆ ಇಲ್ಲ. ಹೊಳೆದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿದವು. ಜನ ಮಕ್ಕಳನ್ನೂ ಕುರಿಕೋಳಿಗಳನ್ನೂ ಹಿಡಿದುಕೊಂಡು ಪೇಟೆಗೆ ಬಂದರು. ಖಾಲಿ ಬಿದ್ದಿದ್ದ ಒಂದು ಕಾಫಿ ಗೋಡೌನು ಅವರಿಗೆ ಮನೆಯಾಯಿತು. ಆಗ ಪೇಟೆಯ ಗಂಡಸರು ನಾವೇನು ಮಾಡಿದೆವು? ಇನ್ನೇನು, ಕಮಿಟಿ ಮಾಡಿದೆವು. ರಿಟೈರ್ಡ್ ಮಾಸ್ತರರೊಬ್ಬರು ಪ್ರೆಸಿಡೆಂಟ್. ನಾನು ಸೆಕ್ರೆಟರಿ. ಬಾಗಿಲಿಗೆ ಬೋರ್ಡು.

ಮೊದಲು ಛತ್ರದಿಂದ ಅನ್ನ ಬಂತು. ಛತ್ರದ ಅಕ್ಕಿ ಮುಗಿಯಿತು. ಅಷ್ಟರಲ್ಲಿ ಬೆಟ್ಟದಪುರದ ಕಡೆಯ ರೈತರು ಹಗೇವು ತೆಗೆಸಿ, ನೆಲದಡಿ ತುಂಬಿಟ್ಟಿದ್ದ ರಾಗಿಯನ್ನು ಗಾಡಿಗಟ್ಟಲೆ ಕಳಿಸಿಬಿಟ್ಟರು. ನಮ್ಮ ಸಂಭ್ರಮ ಕೇಳಬೇಕೆ? ಭಾನುವಾರ ಸಂಜೆ ಒಬ್ಬೊಬ್ಬರ ಸೆರಗಿಗೂ ರಾಗಿ ಅಳೆದು ಸುರಿದೆವು. ಪ್ರೆಸಿಡೆಂಟರು ಭಾಷಣ ಮಾಡಿದರು, ಅರ್ಧ ಇಂಗ್ಲಿಷಿನಲ್ಲಿ. ನಾನು ವಂದನಾರ್ಪಣೆ ಮಾಡಿದೆ. ಮನೆಗೆ ಹೋಗಿ ಎರಡು ಮುದ್ದೆ ಉಂಡು ಮಲಗಿದೆವು.

ಸೋಮವಾರ ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಗೋಡೌನಿಗೆ ಹೋದೆ. ಒಂದು ಒಲೆಯಲ್ಲೂ ಹೊಗೆಯಿಲ್ಲ. ಜನ ರಾಗಿಯ ಗಂಟು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಮಕ್ಕಳು ಹಸಿ ರಾಗಿಯನ್ನೇ ಜಗಿಯುತ್ತಿವೆ. ಮೂಲೆಯಲ್ಲಿ ಗೋಣಿತಟ್ಟು ಕಟ್ಟಿದ ಮರೆಯಲ್ಲಿ ಒಬ್ಬಳು ಹಸಿ ಬಾಣಂತಿ. ಅವಳ ಕೂಸು ಅತ್ತು ಅತ್ತು ದನಿ ಬತ್ತಿಹೋಗಿದೆ. ಪಕ್ಕದಲ್ಲಿ ಅವಳ ಅತ್ತೆ, ಚಿಕ್ಕತಾಯಮ್ಮ.

"ಯಾಕವ್ವ, ಒಲೆ ಹಚ್ಚಿಲ್ವಲ್ಲ? ರಾಗಿ ಸಾಲ್ದಾ?" ಎಂದೆ.

"ರಾಗಿ ಐತೆ ಬುದ್ದಿ. ನಿಮ್ಮೊಟ್ಟೆ ತಣ್ಣಗಿರ್ಲಿ. ಬೀಸಕೆ ಕಲ್ಲೆಲ್ಲೈತೆ? ನಮ್ ಕಲ್ಲೆಲ್ಲ ಗೋಡೆ ಅಡೀಲವೆ."

ಕಲ್ಲು! ಅಷ್ಟು ಜನ ಗಂಡಸರ ಕಮಿಟಿಯಲ್ಲಿ ಒಬ್ಬರಾದರೂ ರಾಗಿಕಲ್ಲಿನ ಗೂಟ ಹಿಡಿದವರಿದ್ದರೇ? ಮುದ್ದೆ ತಟ್ಟೆಯಲ್ಲೇ ಹುಟ್ಟುತ್ತದೆ ಎಂದುಕೊಂಡವರು ನಾವು. ಪೇಟೆಯಲ್ಲಿ ಇರುವುದೊಂದು ಎಂಜಿನ್ ಮಿಲ್ಲು. ಅದರ ಹೊಟ್ಟೆಗೂ ಹೊಳೆ ನುಗ್ಗಿ ಕೂತಿದೆ.

"ನೆನ್ನೆ ಸಾಯಂಕಾಲಾನೇ ಹೇಳ್ಬಾರ್ದಾಗಿತ್ತಾ?"

"ನೀವೆಲ್ಲ ಅಷ್ಟೊಂದ್ ಮಾತಾಡ್ತಿದ್ರಿ. ನಡೂವೆ ಎಂಗ್ ಬಾಯಾಕದು ಬುದ್ದಿ?"

ನಮ್ಮ ಬೀದಿಗೆ ಬಂದು ಬೀಸಿಕೊಂಡು ಹೋಗಿ ಎಂದೆ. ಮುದುಕಿ ನನ್ನನ್ನೇ ನೋಡಿದಳು. "ಕಂಡೋರ್ ಬಾಗ್ಲಲ್ಲಿ ನಿಂತ್ಕಳಕೆ ನಾವೇನ್ ತಿರ್ಕಂಡ್ ತಿನ್ನೋರಾ? ಮನೆ ಓಯ್ತು, ಮಾನ ಓಗಿಲ್ಲ." ಸರಿ, ಬಾಣಂತಿಗೆ ಮಾತ್ರ ನಮ್ಮ ಮನೆಯಿಂದ ಗಂಜಿ ತರಿಸುತ್ತೇನೆ ಎಂದೆ. ಗೋಣಿಯ ಮರೆಯಿಂದ ಸಣ್ಣ ದನಿ ಬಂತು: "ಅಸ್ದಿರೋ ಮಕ್ಳು ಮುಂದೆ ನಾನೊಬ್ಳೇ ಎಂಗಣ್ಣ ಕುಡೀಲಿ?" ಎದೆಯಲ್ಲಿ ಹಾಲಿಲ್ಲ, ಕೈಯಲ್ಲಿ ಅಳುವ ಕೂಸು. ಆದರೂ ಅವಳು ಹೇಳಿದ್ದು ಇದು.

ಪ್ರೆಸಿಡೆಂಟರಿಗೆ ಹೇಳಿದೆ. ಸಂಜೆ ಮೀಟಿಂಗ್ ಕರೆಯೋಣ ಎಂದರು. ಸಂಜೆಯ ತನಕ ಆ ಕೂಸು ಏನು ಕುಡಿಯಬೇಕು? ನಾನು ಮನೆಗೆ ಓಡಿದೆ.

ಓಡಿದ್ದೇನೋ ಸರಿ, ಮನೆಯಲ್ಲಿ ಅಮ್ಮ ಇದ್ದಾರಲ್ಲ. ನಮ್ಮ ಕಡೆ ರಾಗಿಕಲ್ಲನ್ನು ಎರವಲು ಕೊಡುವ ರೂಢಿ ಇಲ್ಲ, ನಿಮಗೂ ಗೊತ್ತು. ಮೊರ ಕೊಡುತ್ತೇವೆ, ಒನಕೆ ಕೊಡುತ್ತೇವೆ, ಬೆಂಕಿಯನ್ನೂ ಕೊಡುತ್ತೇವೆ. ಕಲ್ಲು ಮಾತ್ರ ಇಟ್ಟ ಜಾಗದಿಂದ ಕದಲಬಾರದು.

"ಕಲ್ಲು ಹೊಸ್ಲು ದಾಟಿದ್ರೆ ಮನೆ ಲಕ್ಷ್ಮೀನೂ ದಾಟ್ತಾಳೆ. ಬ್ಯಾಡ ಕಣೋ" ಎಂದರು ಅಮ್ಮ.

ನಾನು ಬಾಣಂತಿಯ ಮಾತು ಹೇಳಿದೆ. ಒಲೆಯ ಮುಂದಿದ್ದ ನನ್ನ ಹೆಂಡತಿ ತಿರುಗಿಯೂ ನೋಡದೆ ಕೇಳಿದಳು: "ಅತ್ತೆ, ಮಗಳು ಹೊಸ್ಲು ದಾಟಲ್ವಾ? ನಾನು ದಾಟಿ ಬಂದೆ. ನಮ್ಮಪ್ಪನ ಮನೆ ಲಕ್ಷ್ಮಿ ಅಲ್ಲೇ ಅವ್ಳಲ್ಲ?"

ಅಮ್ಮ ಕಲ್ಲಿನತ್ತ ನೋಡಿದರು. ಆಮೇಲೆ ಎದ್ದರು. ಕಲ್ಲು ತೊಳೆದರು. ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು, ಅಕ್ಕಿ ಬೆಲ್ಲದ ಮಡಿಲು ಕಟ್ಟಿದರು. "ಮೇಲ್ಗಲ್ಲು ಕೆಳಗಲ್ಲು ಜೋಡಿ ತಪ್ಪಿಸ್ಬೇಡ್ರಿ. ಮಗಳು ಹೋಗ್ತಾವ್ಳೆ, ಜೋಪಾನ" ಎಂದರು. ಸತ್ಯವಾಗಿ ಹೇಳುತ್ತೇನೆ, ನನಗೆ ಕಣ್ಣು ತುಂಬಿತು.

ಆಮೇಲೆ ಆದದ್ದನ್ನು ಹೇಗೆ ಹೇಳಲಿ? ಪಕ್ಕದ ಮನೆಯ ರಹೀಂ ಸಾಹೇಬರು ಗಾಡಿ ಮಾಡುವ ಕಸುಬಿನವರು. ಹೊಸ ಗಾಡಿಗೇ ಎತ್ತು ಕಟ್ಟಿ ತಂದರು. "ಸೆಕ್ರೆಟ್ರಿ ಸಾಹೇಬ್ರೆ, ತಡೀರಿ. ನಮ್ ಮನೆ ಬೇಟಿ ಬಿಟ್ಟು ಹೋಗ್ತೀರಾ?" ಎಂದು ತಮ್ಮ ಮನೆಯ ಕಲ್ಲನ್ನೂ ಏರಿಸಿದರು. ಅವರ ಬೀಬಿ ಅದಕ್ಕೊಂದು ಮಲ್ಲಿಗೆ ಮಾಲೆ ಸುತ್ತಿದ್ದರು. ಎದುರು ಮನೆಯವರು ಕಂಡರು. ಆಚೆ ಮನೆಯವರು ಕೇಳಿದರು. ಬೀದಿಯಲ್ಲಿ ಬಾಗಿಲು ಬಾಗಿಲಿಂದಲೂ ಕುಂಕುಮ ಇಟ್ಟ ಕಲ್ಲುಗಳು ಹೊರಗೆ ಬಂದವು. ಎತ್ತುಗಳು ಭಾರಕ್ಕೆ ಬುಸುಗುಟ್ಟಿದವು. ಹೆಂಗಸರು ಗಾಡಿಯ ಜೊತೆಗೇ ದಾಪುಗಾಲು ಹಾಕಿದರು, ನಾನು ಹಿಂದೆ ಓಡಿದೆ.

ಗೋಡೌನಿನಲ್ಲಿ ಕಲ್ಲು ಇಳಿದದ್ದೇ ತಡ, ಹಳ್ಳಿಯ ಹೆಂಗಸರು ಕಲ್ಲಿಗಿಬ್ಬರಂತೆ ಕಾಲು ಚಾಚಿ ಕೂತರು. "ಇದ್ಯಾರ ಮನೆ ಕಲ್ಲು?" ಎಂದು ಚಿಕ್ಕತಾಯಮ್ಮ ಕೇಳುತ್ತ ಬಂದಳು. ಬೀಸುವಾಗ ಹಾಡುವ ಪದದಲ್ಲಿ ಕಲ್ಲು ಕೊಟ್ಟ ಮನೆಯನ್ನು ಹರಸಬೇಕು, ಹೆಸರು ಬೇಡವೇ? ನಮ್ಮಮ್ಮನ ಹೆಸರು ಪದದಲ್ಲಿ ಬಂತು. ರಹೀಂ ಸಾಹೇಬರ ಬೀಬಿಯ ಹೆಸರು ಬಂತು. (ಕಮಿಟಿಯ ಹೆಸರು ಬರಲಿಲ್ಲ.) ಹಿಟ್ಟು ಉದುರಿತು, ಒಲೆಗಳು ಹೊತ್ತಿದವು. ಎಲ್ಲ ಮಕ್ಕಳ ಕೈಗೂ ಗಂಜಿ ಬಂದ ಮೇಲೆ ಬಾಣಂತಿಯೂ ಕುಡಿದಳು. ಹೊತ್ತು ಇಳಿಯುವ ವೇಳೆಗೆ ಗೋಣಿಯ ಮರೆಯಲ್ಲಿ ಅಳು ನಿಂತಿತ್ತು. ಇಣುಕಿ ಬಂದ ಚಿಕ್ಕತಾಯಮ್ಮ "ಹಾಲಿಳೀತು ಕಣ್ರಪ್ಪ" ಎಂದಳು. ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಕುಣಿದೆ ಎಂದು ರಹೀಂ ಸಾಹೇಬರು ಹೇಳುತ್ತಾರೆ.

ಕೊಟ್ಟೆವು ಎಂದು ಬೀಗುವುದು ಸುಲಭ. ಕೊಟ್ಟದ್ದು ತುತ್ತಾಗಿ ಬಾಯಿಗೆ ಹೋಯಿತೇ ಎಂದು ನೋಡುವವರು ಯಾರು?

ಹೊಳೆ ಇಳಿಯಿತು. ನಿನ್ನೆ ಚಿಕ್ಕತಾಯಮ್ಮನೂ ಅವಳ ಮಗನೂ ನಮ್ಮ ಕಲ್ಲನ್ನು ಹೊತ್ತು ತಂದು ಜಗಲಿಗೆ ಇಳಿಸಿದರು. ಕಲ್ಲಿನ ಬಾಯಿ ತುಂಬ ಹೊಸ ಹಿಟ್ಟು. "ತವರಿಗೆ ಬರೋ ಮಗ್ಳು ಬರೀ ಕೈಲಿ ಬತ್ತಾಳಾ?" ಎಂದು ನಕ್ಕಳು.

ಅಮ್ಮ ಹಿಟ್ಟನ್ನು ಕಣ್ಣಿಗೊತ್ತಿಕೊಂಡು ಮೊರಕ್ಕೆ ತೆಗೆದರು. "ನಾಳೆ ಊರಿಗೆ ಹೋಗ್ತೀಯಲ್ಲ, ಅಲ್ಲಿ ನಿನ್ ಕಲ್ಲು?" ಎಂದು ಕೇಳಿದರು.

"ಗೋಡೆ ಬಿದ್ದು ಒಡ್ದೋಗೈತೆ ಕಣವ್ವ. ಎಂಗೋ ಆಯ್ತದೆ ಬುಡಿ."

ಅಮ್ಮ ಒಳಗೆ ಹೋಗಿ ಮತ್ತೆ ಕುಂಕುಮದ ಬಟ್ಟಲು ತಂದರು. "ಕೊಟ್ಟ ಹೆಣ್ಣು ತವರಲ್ಲೇ ಕೂತ್ರೆ ಚೆಂದವಾ? ಕರ್ಕೊಂಡ್ ಹೋಗು" ಎಂದರು.

ಈಗ ನಮ್ಮ ಮನೆಯ ರಾಗಿಯನ್ನು ರಹೀಂ ಸಾಹೇಬರ ಮನೆಗೆ ಮರಳಿದ ಕಲ್ಲಿನಲ್ಲಿ ಬೀಸುತ್ತೇವೆ. ಕಮಿಟಿ ಇನ್ನೂ ಮೀಟಿಂಗಿನಲ್ಲಿದೆ. ಹೊಳೆದಂಡೆಯಲ್ಲಿ ಮತ್ತೆ ಗೋಡೆ ಎಬ್ಬಿಸುತ್ತಿರುವ ಮನೆಗಳು ಬೇಕಾದಷ್ಟಿವೆ, ಕಲ್ಲುಗಳಿಲ್ಲ. ಕೃಷ್ಣರಾಜನಗರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಓದುಗರೇ, ನಿಮ್ಮ ಮನೆಯ ಮೂಲೆಯಲ್ಲಿ ಕಳಿಸಿಕೊಡುವ ಮಗಳು ಯಾರಾದರೂ ಕೂತಿದ್ದಾಳೆಯೇ?