ಸಿಮೆಂಟಿನ ಹೆಂಗಸರ ಕುತ್ತಿಗೆ

ಇದು ಯಾರ ಕೆಲಸ ಎಂದು ಎಂಜಿನಿಯರು ಕೇಳಿದಾಗ ನನ್ನದು ಎಂದು ನಾನು ಹೇಳಲಿಲ್ಲ. ಅಣ್ಣ ಪಕ್ಕದಲ್ಲೇ ನಿಂತಿದ್ದ. ನಾನು ಮರಳು ಜರಡಿ ಹಿಡಿಯುತ್ತಿದ್ದೆ, ಅದೂ ಆಗಲೇ ಒಮ್ಮೆ ಜರಡಿ ಹಿಡಿದಿದ್ದ ಮರಳು.

ಕೊಲ್ಲಿ ದೇಶದ ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರುಕಟ್ಟೆಯ ಆಚೆ ನಮ್ಮ ಕಂಪೆನಿಯ ವರ್ಕ್‌ಶಾಪ್ ಇತ್ತು. ಕಟ್ಟಡಗಳಿಗೆ ಸಿಮೆಂಟಿನ ಹೂಬಳ್ಳಿ, ಕಂಬ, ಕಮಾನು ಎರಕ ಹಾಕುತ್ತಿದ್ದೆವು. ಅಣ್ಣ ಫೋರ್‌ಮನ್. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಊರಿಂದ ಕರೆಸಿ ಮಣ್ಣಿನ ಮಾದರಿ ತಿದ್ದಲು ಕಲಿಸಿದವನೂ ಅವನೇ. ಎಣ್ಣೆ ಬೆಲೆ ಬಿದ್ದು ಕೆಲಸಗಳೆಲ್ಲ ಅರ್ಧಕ್ಕೆ ನಿಂತಿದ್ದ ಕಾಲ. ಆಗ ಬಂದದ್ದು ಒಂದೇ ಆರ್ಡರ್: ಗ್ರೀಕ್ ಊಟದ ಹೋಟೆಲೊಂದರ ಬಾಗಿಲ ಚಾವಣಿಗೆ ಕಂಬದ ಬದಲು ನಾಲ್ಕು ಹೆಂಗಸರು. ಗ್ರೀಸಿನ ಹಳೇ ಗುಡಿಯಲ್ಲಿ ಹಾಗೇ ಇದೆಯಂತೆ, ತಲೆಯ ಮೇಲೆ ಮಾಡು ಹೊತ್ತು ನಿಂತ ಕಲ್ಲಿನ ಹೆಂಗಸರು.

ಫೋಟೋ ನೋಡಿ ಅಣ್ಣ, "ಇಷ್ಟು ಕಾಲ ಹೊತ್ತರೂ ಮುಖ ಗಂಟು ಹಾಕ್ಲಿಲ್ಲ ನೋಡು. ನೀನು ಬುತ್ತಿ ಹೊತ್ರೇ ಸೊಂಟ ಹಿಡ್ಕೊಳ್ತಿ ಮಾರಾಯ" ಎಂದ.

ಅವರ ಬೆನ್ನಿಗೆ ದಪ್ಪ ಜಡೆ ಇಳಿಬಿದ್ದಿತ್ತು. ಅದನ್ನು ಮುಟ್ಟಬೇಡ, ಸಪೂರ ಕುತ್ತಿಗೆಗೆ ಅದೇ ಬಲ, ಭಾರ ಇಳಿಯುವುದೇ ಅದರಲ್ಲಿ ಎಂದು ಅಣ್ಣ ಹೇಳಿದ್ದ. ನನ್ನ ಕಣ್ಣಿಗೆ ಅದು ಅಕ್ಕಿಮೂಟೆ. ಅವನು ಊಟಕ್ಕೆ ಹೋದಾಗ ಮಣ್ಣಿನ ಮಾದರಿಯ ಜಡೆ ಕೆತ್ತಿ, ನಮ್ಮೂರ ಹುಡುಗಿಯರ ಜಡೆಯಷ್ಟು ತೆಳ್ಳಗೆ ಮಾಡಿದೆ. ಅವನು ಕೈ ತೊಳೆದು ಬರುವಷ್ಟರಲ್ಲಿ ಅಚ್ಚು ತೆಗೆಯುವ ರಬ್ಬರ್ ಬಳಿದು ಜಡೆ ಮುಚ್ಚಿಯೂ ಆಗಿತ್ತು. ನಾಲ್ವರೂ ಸುಂದರಿಯರಾಗಿಯೇ ಹೊರಬಂದರು. ನಾನೇ ಗೋಣಿ ಸುತ್ತಿ ಲಾರಿಗೆ ಏರಿಸಿದೆ. ಹೋಟೆಲಿನಲ್ಲಿ ಅವರ ಬೆನ್ನು ಗೋಡೆಗೆ ಒತ್ತಿಕೊಂಡಿತ್ತು, ಯಾರಿಗೂ ಜಡೆ ಕಾಣಲಿಲ್ಲ.

ಚಾವಣಿ ಕೂರಿಸಿದ ವಾರದಲ್ಲಿ ಇಬ್ಬರ ಕುತ್ತಿಗೆ ಬಿರುಕು ಬಿಟ್ಟಿತು. ಎಂಜಿನಿಯರು ಬಂದು ಕೇಳಿದಾಗ, ಒಳಗಿನ ಕಬ್ಬಿಣದ ಕಂಬಿ ಸಾಲಲಿಲ್ಲ, ಆ ಲೆಕ್ಕ ನನ್ನದು ಎಂದ ಅಣ್ಣ. ನನ್ನನ್ನು ಉಳಿಸಲು ಹೇಳಿದ್ದಲ್ಲ, ಹಾಗೆಂದೇ ನಂಬಿದ್ದ. ಜನ ಕಡಿಮೆ ಮಾಡಲು ನೆಪ ಹುಡುಕುತ್ತಿದ್ದ ಕಂಪೆನಿಗೆ ಅಷ್ಟು ಸಾಕಿತ್ತು. ಮ್ಯಾನೇಜರ್ ಅಣ್ಣನಿಗೆ ಖಲಾಸ್, ಕೆಲಸ ಮುಗಿಯಿತು ಎಂದ. ಪೆಟ್ಟಿಗೆ ಕಟ್ಟುತ್ತಾ ಅಣ್ಣ ನನಗೆ, ನಿನ್ನ ಹುಡುಗಿಯರಿಗೆ ಕುತ್ತಿಗೆ ನೋವಂತೆ, ಎಣ್ಣೆ ತಿಕ್ಕಿ ಬಾ ಎಂದು ನಕ್ಕ. ನಾನು ಪೆಟ್ಟಿಗೆಗೆ ಹಗ್ಗ ಬಿಗಿದುಕೊಟ್ಟೆ.

ಅವನಿಗೆ ದೂರದ ಬುರೈಮಿ ಪಟ್ಟಣದ ಟೈಲ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷ ಕಳೆದು ಈದ್ ರಜೆಗೆ ಅವನಲ್ಲಿಗೆ ಹೋದೆ. ಇಸ್ತ್ರಿ ಅಂಗಿ, ಕಿವಿಯ ಮೇಲೆ ಪೆನ್ಸಿಲು, ಮೊದಲಿನದೇ ಕೀಟಲೆ. ಗಿರಾಕಿಯೊಬ್ಬ ಮನೆಗೆ ಕಂಬ ಎರಕ ಹಾಕಿಕೊಡೆಂದು ದುಂಬಾಲು ಬಿದ್ದಿದ್ದಾನಂತೆ, ಇವನು ಒಲ್ಲೆ ಎಂದಿದ್ದಾನೆ. ಯಾಕೆ ಎಂದು ಕೇಳಿದೆ.

"ನನ್ನ ಲೆಕ್ಕದ ಮೇಲೆ ನಂಗೇ ಧೈರ್ಯ ಇಲ್ಲ. ಯಾರದ್ದಾದ್ರೂ ತಲೆ ಮೇಲೆ ಬಿದ್ರೆ?"

ನಗುತ್ತಲೇ ಅಂದ. ಆದರೆ ಆ ಮಾತಿನಲ್ಲಿ ಕೀಟಲೆ ಇರಲಿಲ್ಲ. ಚಹಾದ ಲೋಟ ಕೆಳಗಿಟ್ಟೆ.

"ಅಣ್ಣಾ, ನಿನ್ನ ಕಂಬಿ ಸರಿಯೇ ಇತ್ತು. ಜಡೆ ಕೆತ್ತಿದ್ದು ನಾನು. ನಿನ್ನ ಕೆಲಸ ಹೋಗುವಾಗಲೂ ಸುಮ್ನಿದ್ದೆ. ತಪ್ಪಾಯ್ತು, ನನ್ನನ್ನು ಕ್ಷಮಿಸು."