ಹಳ್ಳದ ಆಚೆ, ಹಳ್ಳದ ಈಚೆ

ಬೈಯುವುದಾದರೆ ನನ್ನನ್ನೇ ಬೈಯಬೇಕು. ಆ ಇಬ್ಬರು ಮುದುಕಿಯರು ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಘಟಪ್ರಭೆ ಉಕ್ಕಿ ಮೂಡಲಗಿ ಕಡೆಯ ಆ ಊರು ಮುಳುಗಿದ ವರ್ಷ ನಾನು ಪರಿಹಾರ ಸಂಸ್ಥೆಯೊಂದರಲ್ಲಿದ್ದೆ. ಹುಕ್ಕೇರಿಯವನು, ಮಹಾ ಶಾಣ್ಯಾ ಎಂಬ ಸೊಕ್ಕು ಬೇರೆ. ಊರಿನ ಮೇಲಿನ ಓಣಿಗೂ ಕೆಳಗಿನ ಓಣಿಗೂ ಹತ್ತು ವರ್ಷದಿಂದ ಮಾತಿರಲಿಲ್ಲ. ಹೊಲದ ದಾರಿಯೊಂದರ ಜಗಳ ಕೋರ್ಟಿನ ತನಕ ಹೋಗಿತ್ತು.

ನೀರು ಎರಡೂ ಓಣಿಗೆ ನುಗ್ಗಿತು. ಎಲ್ಲರೂ ದಿಬ್ಬದ ಮೇಲಿನ ಸಾಲೆಯಲ್ಲಿ ಉಳಿದರು. ಅಲ್ಲಿ ಓಣಿಗೊಬ್ಬಳಂತೆ ಇಬ್ಬರು ಮುದುಕಿಯರು, ಚಿಕ್ಕಂದಿನ ಗೆಳತಿಯರು, ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರು. ಅವರನ್ನು ನೋಡಿ ಉಳಿದವರೂ ಒಲೆ ಕೂಡಿಸಿದರು. ಒಂದು ತಿಂಗಳು ಹಾಗೇ ನಡೆಯಿತು.

ಆಮೇಲೆ ತಗಡಿನ ಶೆಡ್ ಹಾಕುವ ಕೆಲಸ ಬಂತು. ಎರಡೂ ಓಣಿಯ ಹಿರಿಯರು ಬಂದು ತಮಗೆ ಬೇರೆ ಬೇರೆ ಜಾಗ ಬೇಕೆಂದರು. ಮೇಲಿನ ಓಣಿಯ ಮುದುಕಿ ಮಾತ್ರ ನನ್ನ ಕೈ ಹಿಡಿದಳು.

“ನಮ್ಮಿಬ್ಬರ್ದು ಬಾಜೂಕ ಬಾಜೂ ಹಾಕೋ ಯಪ್ಪಾ. ಒಮ್ಮಿ ದೂರ ಆದ್ರ ಮತ್ತ ಕೂಡಾಂಗಿಲ್ಲ.”

“ಸುಮ್ನಿರ ಯವ್ವಾ. ಜಗಳ ಹತ್ತಿದ್ರ ಯಾರ್ ಬಿಡಸೂದು?” ಎಂದು ಗದರಿಸಿದೆ.

ಮೇಲಿನ ಓಣಿಗೆ ಊರ ಹೊರಗಿನ ಹಳ್ಳದ ಈಚೆ, ಕೆಳಗಿನ ಓಣಿಗೆ ಆಚೆ ಶೆಡ್ ಹಾಕಿಸಿದೆ. ಬೋರ್‌ವೆಲ್ಲೂ ಎರಡು ಕೊರೆಸಿದೆವು. ಜನ ಮತ್ತೆ ಮುಖ ತಿರುಗಿಸಿದರು. ಗೋಕಾಕದ ಕಚೇರಿಗೆ ಕಳಿಸುವ ವರದಿಯಲ್ಲಿ ‘ಶಾಂತಿ’ ಎಂಬ ಅಂಕಣವಿತ್ತು. ‘ಜಗಳವಿಲ್ಲ’ ಎಂದು ಬರೆದೆ. ಮಾತೇ ಇಲ್ಲದವರು ಜಗಳ ಎಲ್ಲಿಂದ ಆಡಬೇಕು!

ದಸರೆ ಬಂತು. ಮುನಿಸಿಕೊಂಡವರೂ ಅಂದು ಬನ್ನಿ ಎಲೆ ಕೊಟ್ಟು, ‘ಬಂಗಾರದಂಗ ಇರೂಣ’ ಎಂದು ಮಾತಾಡುವುದು ನಮ್ಮ ಕಡೆಯ ಪದ್ಧತಿ. ಹಳ್ಳ ದಾಟಲು ಮಕ್ಕಳು ಬಿಡದ ಮೇಲಿನ ಓಣಿಯ ಮುದುಕಿ ನಾಲ್ಕು ಎಲೆ ನನ್ನ ಕೈಗಿಟ್ಟಳು. “ನೀನರ ಎರಡೂ ಕಡಿ ಹೋಗ್ತಿ. ಅಕಿಗೆ ಕೊಡು. ನನ್ಮ್ಯಾಲ ಸಿಟ್ಟಾಗ್ಯಾಳೋ ಏನೋ.”

ಹೂಂ ಎಂದು ಚೀಲಕ್ಕೆ ಹಾಕಿಕೊಂಡು ಗೋಕಾಕದ ಮೀಟಿಂಗಿಗೆ ಓಡಿದೆ. ಮರೆತೇಬಿಟ್ಟೆ.

ಎಂಟು ದಿನದ ಮೇಲೆ ಹಳ್ಳದಾಚೆ ಹೋದರೆ ಅವಳ ಗೆಳತಿ ಜ್ವರ ಬಂದು ಹಿಂದಿನ ದಿನವಷ್ಟೇ ತೀರಿಕೊಂಡಿದ್ದಳು. “ಬನ್ನಿ ಬಂತೇನು ಅಂತ ದಿನಾ ಕೇಳತಿದ್ರರಿ,” ಎಂದಳು ಸೊಸೆ. “ಅಕಿ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಅನ್ಕೋತನ ಹೋದ್ರು.”

ಈಚೆ ದಡಕ್ಕೆ ಸುದ್ದಿ ಮುಟ್ಟಿರಲಿಲ್ಲ. ಮುದುಕಿ ಶೆಡ್ಡಿನ ಬಾಗಿಲಲ್ಲೇ ಕೂತಿದ್ದಳು.

“ಬನ್ನಿ ತಗೊಂಡ್ಳೇನೋ? ಏನಂದ್ಲು?”

ನನ್ನ ಬಾಯಿಗೆ ಮಣ್ಣು ಹಾಕ! “ತಗೊಂಡ್ಳ ಯವ್ವಾ,” ಎಂದೆ. “ಬಂಗಾರದಂಗ ಇರೂಣ ಅಂದ್ಲು.”

ಅವಳು ಬೊಚ್ಚುಬಾಯಿ ತೆರೆದು ನಕ್ಕಳು. “ಹಂಗಾರ ಈಗ ನಾನ ಹೋಗಿ ಬರ್ತೇನಿ ತಡಿ. ಮಕ್ಕಳು ಏನರ ಅನ್ಲಿ,” ಎನ್ನುತ್ತ ಕೋಲು ಹುಡುಕತೊಡಗಿದಳು.