ಖಾಲಿ ಕವರು

ನನ್ನ ತಂಗಿ ಕೂದಲು ಕಿತ್ತುಕೊಳ್ಳಲು ಶುರು ಮಾಡಿದ್ದು ಹದಿಮೂರನೇ ವಯಸ್ಸಿನಲ್ಲಿ. ಮೂವತ್ತಾಗುವಷ್ಟರಲ್ಲಿ ನೆತ್ತಿಯ ಮೇಲೆ ಅಂಗೈಯಗಲ ಬೋಳು. ಅಮ್ಮ ಕೆಲಸವಿಲ್ಲದ ಬಡಗಿಯ ಗಾದೆ ಹೇಳಿ ಗದರುತ್ತಿದ್ದಳು. ಕೆಲಸವಿಲ್ಲದೆ ಏನು? ಬಟ್ಟೆ ಕಾರ್ಖಾನೆಯಲ್ಲಿ ತಂಗಿ ದಿನವಿಡೀ ಅಂಗಿಗಳ ದಾರದ ತುದಿ ಕತ್ತರಿಸುತ್ತಿದ್ದಳು. ಆ ಟೇಬಲ್ಲಿಗೆ ನಾನೇ ಸೂಪರ್‌ವೈಸರ್.

ಕೊನೆಗೆ ಆಸ್ಪತ್ರೆಯ ಆಪ್ತಸಮಾಲೋಚಕಿಯ ಹತ್ತಿರ ಎಳೆದುಕೊಂಡು ಹೋದೆ. ಆಕೆ ಬೈಯಲಿಲ್ಲ, ಮಾತ್ರೆಯನ್ನೂ ಬರೆಯಲಿಲ್ಲ. ಕೈ ತಲೆಗೆ ಹೋದದ್ದು ಗೊತ್ತಾದ ಕೂಡಲೇ ಒಂದು ನಿಮಿಷ ಮುಷ್ಟಿ ಬಿಗಿಹಿಡಿಯಬೇಕು. ಆದರೂ ಕಿತ್ತರೆ ಆ ಕೂದಲನ್ನು ಕವರಿಗೆ ಹಾಕಿ ವಾರಕ್ಕೊಮ್ಮೆ ತರಬೇಕು. ಗೊತ್ತಾಗಬೇಕಾದದ್ದು ಅವಳಿಗೆ, ನೀವು ಸುಮ್ಮನಿರಿ ಎಂದು ನನಗೂ ಬಿಡಿಸಿ ಹೇಳಿದರು.

ಸುಮ್ಮನಿರುವುದು ನನ್ನ ಜಾಯಮಾನವೇ ಅಲ್ಲ. ನಲವತ್ತು ಹೆಂಗಸರನ್ನು ಬರೀ ಬಾಯಲ್ಲಿ ದುಡಿಸಿದವಳು ನಾನು. ಅವಳ ಮೊಣಕೈ ಮಡಚಿದರೆ ಸಾಕು, ಟೇಬಲ್ಲಿನ ಆ ತುದಿಯಿಂದ 'ಕೈ!' ಎಂದು ಕೂಗುತ್ತಿದ್ದೆ. ಊಟಕ್ಕೆ ಕೂತಾಗ 'ಕೈ!', ಬಚ್ಚಲ ಬಾಗಿಲಾಚೆಯಿಂದಲೂ 'ಕೈ!'. ಸಂಜೆಯಾದರೆ ಕವರು ಬಿಚ್ಚಿ ನೋಡುತ್ತಿದ್ದೆ. ಮೊದಲ ವಾರ ಅರ್ಧ ತುಂಬಿತ್ತು. ಎರಡು ತಿಂಗಳಿಗೆ ಪೂರ್ತಿ ಖಾಲಿ. ನನ್ನ ಕಾಲು ನೆಲದ ಮೇಲಿರಲಿಲ್ಲ. ಮತ್ತೆ ನೆತ್ತಿಯ ಬೋಳು ಯಾಕೆ ತುಂಬಿಕೊಳ್ಳುತ್ತಿಲ್ಲ ಎಂದು ಆಪ್ತಸಮಾಲೋಚಕಿ ತಂಗಿಯನ್ನು ಕೇಳಿದರೆ, ಬೆಳೆಯೋಕೆ ಹೊತ್ತು ಬೇಡವಾ ಎಂದು ನಾನೇ ಮಧ್ಯೆ ಬಾಯಿ ಹಾಕಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ವರ್ಷ ತಿರುಗುವಷ್ಟರಲ್ಲಿ ಅವಳಿಗೆ ತುತ್ತು ಇಳಿಯದಾಯಿತು. ತಿಂದದ್ದೆಲ್ಲ ವಾಂತಿ. ಹೊಟ್ಟೆ ಕೊಯ್ದು, ಮುಷ್ಟಿಗಿಂತ ದೊಡ್ಡ ಕೂದಲಿನ ಉಂಡೆ ತೆಗೆದರು. ಡಾಕ್ಟರು ಅದನ್ನು ಟ್ರೇಯಲ್ಲಿಟ್ಟು ತೋರಿಸಿದರು.

ಮೂರನೇ ದಿನ, ಯಾಕೆ ನುಂಗಿದೆ ಎಂದು ಮೆಲ್ಲಗೆ ಕೇಳಿದೆ.

"ಕವರು ಖಾಲಿ ಇದ್ದ ದಿನ ನೀನು ನನ್ನ ಹತ್ರ ನೆಟ್ಟಗೆ ಮಾತಾಡ್ತಿದ್ದೆ," ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ. ನೋಡುತ್ತಿದ್ದಂತೆಯೇ ಅವಳ ಕೈ ಮೇಲಕ್ಕೆ ಹೋಯಿತು. ನಾನು ಹಲ್ಲು ಕಚ್ಚಿ ಕೂತೆ. ಬೆರಳುಗಳು ಕಿವಿಯ ಹಿಂದೆ ತಡಕಾಡಿ ಒಂದು ಕೂದಲು ಹಿಡಿದವು, ಕಿತ್ತವು. ಬಾಯಿಗೆ ಹಾಕಿಕೊಳ್ಳುತ್ತಾಳೇನೋ ಎಂದುಕೊಂಡೆ. ಅವಳು ಅದನ್ನು ನನ್ನ ಅಂಗೈಯಲ್ಲಿಟ್ಟು ಕಾದಳು. ನಾನು ತುಟಿ ಬಿಚ್ಚಲಿಲ್ಲ.

"ಬೈದುಬಿಡಕ್ಕ," ಎಂದಳು. "ನೀನು ಸುಮ್ಮನಿದ್ರೆ ಇನ್ನೂ ಭಯ ಆಗುತ್ತೆ."